ಹರಿವಿನ ನಡುವೆ ಹಿಡಿತ: ಮೂತ್ರನಾಳದ ಸೋಂಕಿನಲ್ಲಿ ಬ್ಯಾಕ್ಟೀರಿಯಾ ಜೀವಕೋಶಕ್ಕೆ ಅಂಟಿಕೊಳ್ಳುವ ಬಗೆ

ಸಭೆಯಲ್ಲಿರುವ ಹಿರಿಯರಿಗೂ ವಿದ್ಯಾರ್ಥಿಗಳಿಗೂ ಆಸಕ್ತರೆಲ್ಲರಿಗೂ ನಮಸ್ಕಾರ. ಇಂದಿನ ವಿಷಯವನ್ನು ಒಂದು ಪ್ರಶ್ನೆಯ ರೂಪದಲ್ಲಿಯೇ ನಿಮ್ಮ ಮುಂದಿಡುತ್ತೇನೆ. ಮೂತ್ರಕೋಶವು ದಿನಕ್ಕೆ ಹಲವು ಬಾರಿ ತುಂಬಿ ಬರಿದಾಗುವ ಅಂಗ. ಬರಿದಾಗುವ ಪ್ರತಿಯೊಂದು ಸಲವೂ ಒಳಗಿದ್ದ ದ್ರವವೆಲ್ಲ ರಭಸದಿಂದ ಹೊರಗೆ ಹೋಗುತ್ತದೆ. ಆ ದ್ರವದಲ್ಲಿ ಬ್ಯಾಕ್ಟೀರಿಯಾಕ್ಕೆ ಬೇಕಾದ ಆಹಾರ ಹೆಚ್ಚಿಲ್ಲ. ಉಪ್ಪು ಮತ್ತು ಯೂರಿಯಾ ಮಾತ್ರ ಧಾರಾಳವಾಗಿವೆ. ಕೇವಲ 2 ಮೈಕ್ರೋಮೀಟರ್ ಉದ್ದದ, ಅಂದರೆ ಒಂದು ಮಿಲಿಮೀಟರಿನ ಐನೂರರಲ್ಲಿ ಒಂದು ಭಾಗದಷ್ಟು ಉದ್ದದ ಜೀವಿಯೊಂದು ಇಂಥ ಜಾಗದಲ್ಲಿ ಕೊಚ್ಚಿಹೋಗದೆ ಉಳಿದು, ಮನುಷ್ಯರನ್ನು ನೋವಿನಲ್ಲಿ ಕೆಡವುವಷ್ಟು ಬೆಳೆಯುವುದು ಹೇಗೆ ಸಾಧ್ಯವಾಗುತ್ತದೆ?

ಉತ್ತರವನ್ನು ಒಂದೇ ಮಾತಿನಲ್ಲಿ ಹೇಳುವುದಾದರೆ, ಅದು ಅಂಟಿಕೊಳ್ಳುತ್ತದೆ. ಈ ರೋಗದ ನಿರ್ಣಾಯಕ ಘಟನೆ ಬ್ಯಾಕ್ಟೀರಿಯಾ ಮೂತ್ರದೊಳಕ್ಕೆ ಬರುವುದಲ್ಲ, ಅದು ನಮ್ಮ ಜೀವಕೋಶದ ಮೇಲ್ಮೈಯನ್ನು ಹಿಡಿದುಕೊಳ್ಳುವುದು ಎಂಬುದು ನನ್ನ ವಾದ. ಸೋಂಕು ಏಕೆ ಮರಳಿ ಮರಳಿ ಬರುತ್ತದೆ, ಮೂತ್ರಪಿಂಡದ ಸೋಂಕು ಮೂತ್ರಕೋಶದ ಸೋಂಕಿಗಿಂತ ಏಕೆ ಭಿನ್ನ, ಕೆಲವರ ಮೂತ್ರದಲ್ಲಿ ಲಕ್ಷಾಂತರ ಬ್ಯಾಕ್ಟೀರಿಯಾಗಳಿದ್ದರೂ ಅವರಿಗೆ ಏಕೆ ಏನೂ ಆಗುವುದಿಲ್ಲ ಎಂಬ ಪ್ರಶ್ನೆಗಳಿಗೆಲ್ಲ ಉತ್ತರ ಹುಡುಕುತ್ತ ಹೋದರೆ ನಾವು ಬಂದು ನಿಲ್ಲುವುದು ಈ ಹಿಡಿತದ ಬಳಿಯಲ್ಲೇ.

ರೋಗದ ವ್ಯಾಪ್ತಿಯ ಬಗ್ಗೆ ಎರಡು ಮಾತು ಸಾಕು. 2019ರ ಅಂದಾಜಿನಂತೆ ಆ ಒಂದು ವರ್ಷದಲ್ಲಿ ಜಗತ್ತಿನಾದ್ಯಂತ 40 ಕೋಟಿಗೂ ಹೆಚ್ಚು ಮೂತ್ರನಾಳದ ಸೋಂಕುಗಳು ಆಗಿವೆ. ಸುಮಾರು ಅರ್ಧದಷ್ಟು ಸ್ತ್ರೀಯರು ಜೀವಮಾನದಲ್ಲಿ ಒಮ್ಮೆಯಾದರೂ ಇದನ್ನು ಅನುಭವಿಸುತ್ತಾರೆ. ಸ್ತ್ರೀಯರಲ್ಲಿ ಮೂತ್ರ ಹೊರಬರುವ ನಾಳ ಸುಮಾರು 4 ಸೆಂಟಿಮೀಟರ್, ಪುರುಷರಲ್ಲಿ ಸುಮಾರು 20 ಸೆಂಟಿಮೀಟರ್. ಬ್ಯಾಕ್ಟೀರಿಯಾ ಕ್ರಮಿಸಬೇಕಾದ ದಾರಿಯ ಈ ವ್ಯತ್ಯಾಸವೇ ಸ್ತ್ರೀಯರಲ್ಲಿ ಸೋಂಕು ಹೆಚ್ಚಿರಲು ಒಂದು ಮುಖ್ಯ ಕಾರಣ. ಇತರ ತೊಡಕುಗಳಿಲ್ಲದ ಸೋಂಕುಗಳಲ್ಲಿ ನಾಲ್ಕರಲ್ಲಿ ಮೂರಕ್ಕೆ ಕಾರಣವಾಗುವುದು ಇ. ಕೋಲೈ ಎಂಬ ಬ್ಯಾಕ್ಟೀರಿಯಾ. ಇದು ನಮ್ಮ ಕರುಳಿನ ಸಹಜ ನಿವಾಸಿ. ಆದರೆ ಎಲ್ಲ ಇ. ಕೋಲೈ ತಳಿಗಳೂ ಮೂತ್ರಕೋಶದಲ್ಲಿ ನೆಲೆಯೂರಲಾರವು. ನೆಲೆಯೂರಬಲ್ಲ ತಳಿಗಳ ಬಳಿ ಇರುವ ಸಲಕರಣೆಗಳಲ್ಲಿ ಬಹುಮುಖ್ಯವಾದದ್ದು ಪಿಲಿ ಎಂದು ಕರೆಯುವ, ಮೈತುಂಬ ಚಾಚಿಕೊಂಡಿರುವ ಸೂಕ್ಷ್ಮ ಎಳೆಗಳು.

ಹಿಡಿಯುವವನ ಬಗ್ಗೆ ಮಾತಾಡುವ ಮೊದಲು ಹಿಡಿಯಲ್ಪಡುವ ಮೇಲ್ಮೈಯನ್ನು ನೋಡೋಣ. ಮೂತ್ರಕೋಶದ ಒಳಪದರದ ಅತ್ಯಂತ ಮೇಲಿನ ಸಾಲಿನಲ್ಲಿ ಛತ್ರಿ ಕೋಶಗಳೆಂಬ ದೊಡ್ಡ, ಹರಡಿಕೊಂಡ ಜೀವಕೋಶಗಳಿವೆ. ಒಂದೊಂದೂ ತನ್ನ ಕೆಳಗಿನ ಹಲವು ಚಿಕ್ಕ ಕೋಶಗಳನ್ನು ಮುಚ್ಚಿಕೊಂಡಿರುತ್ತದೆ. ಮೂತ್ರದಲ್ಲಿರುವ ತ್ಯಾಜ್ಯಗಳು ಮರಳಿ ರಕ್ತಕ್ಕೆ ಸೇರದಂತೆ ತಡೆಯುವುದು ಈ ಕೋಶಗಳ ಕೆಲಸ. ಅದಕ್ಕಾಗಿ ಅವುಗಳ ಮೇಲ್ಮೈಯಲ್ಲಿ ಯೂರೋಪ್ಲಾಕಿನ್ ಎಂಬ ಪ್ರೋಟೀನುಗಳು ಒತ್ತೊತ್ತಾಗಿ ಜೋಡಣೆಗೊಂಡು, ಸುಮಾರು 16 ನ್ಯಾನೋಮೀಟರ್ ಅಗಲದ ಕಣಗಳಾಗಿ, ಷಟ್ಕೋನಾಕಾರದ ಕ್ರಮದಲ್ಲಿ ಹಾಸಿಕೊಂಡಿವೆ. ಈ ಪ್ರೋಟೀನುಗಳಲ್ಲಿ ಒಂದಾದ ಯೂರೋಪ್ಲಾಕಿನ್ 1ಎ ತನ್ನ ಮೈಮೇಲೆ ಮ್ಯಾನೋಸ್ ಎಂಬ ಸಕ್ಕರೆಯ ಸರಪಳಿಗಳನ್ನು ಹೊತ್ತಿದೆ. ನಮ್ಮ ದೇಹ ಆ ಸಕ್ಕರೆಯನ್ನು ಬ್ಯಾಕ್ಟೀರಿಯಾಕ್ಕಾಗಿ ಇಟ್ಟದ್ದಲ್ಲ. ಜೀವಕೋಶಗಳು ತಮ್ಮ ಅನೇಕ ಪ್ರೋಟೀನುಗಳಿಗೆ ಇಂಥ ಸರಪಳಿಗಳನ್ನು ಸೇರಿಸುತ್ತವೆ. ರಕ್ಷಣೆಗಾಗಿ ಕಟ್ಟಿದ ಗೋಡೆಯಲ್ಲೇ ಹಿಡಿಕೆಗಳು ಸಾಲಾಗಿ ಮೂಡಿಬಿಟ್ಟಿವೆ, ಬ್ಯಾಕ್ಟೀರಿಯಾ ಅವುಗಳನ್ನು ಗುರುತಿಸಲು ಕಲಿತಿದೆ.

ಈ ಗುರುತಿಸುವಿಕೆಯ ಮೊದಲ ಸುಳಿವು ದೊರೆತದ್ದು ಮೂತ್ರಕೋಶದಲ್ಲಿ ಅಲ್ಲ, ರಕ್ತದಲ್ಲಿ. 1908ರಲ್ಲಿಯೇ ಗ್ಯೂಯೋ ಎಂಬ ಸಂಶೋಧಕ ಇ. ಕೋಲೈ ಬ್ಯಾಕ್ಟೀರಿಯಾಗಳು ಕೆಂಪು ರಕ್ತಕಣಗಳನ್ನು ಗುಂಪುಗಟ್ಟಿಸುತ್ತವೆ ಎಂಬುದನ್ನು ಕಂಡಿದ್ದರು. 1950ರ ದಶಕದಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ನೆರವಿನಿಂದ ಡ್ಯೂಗಿಡ್ ಮತ್ತು ಅವರ ಜೊತೆಗಾರರು ಬ್ಯಾಕ್ಟೀರಿಯಾದ ಮೈಮೇಲಿನ ಎಳೆಗಳಿಗೂ ಈ ಗುಂಪುಗಟ್ಟುವಿಕೆಗೂ ಸಂಬಂಧವಿದೆ ಎಂದು ತೋರಿಸಿದರು. ಅದೇ ಕಾಲದಲ್ಲಿ ಇನ್ನೊಂದು ಸಂಗತಿಯೂ ಬೆಳಕಿಗೆ ಬಂತು. ದ್ರಾವಣಕ್ಕೆ ಸ್ವಲ್ಪ ಮ್ಯಾನೋಸ್ ಬೆರೆಸಿದರೆ ಗುಂಪುಗಟ್ಟುವುದು ನಿಂತುಹೋಗುತ್ತಿತ್ತು. ಇದರ ಪೂರ್ಣ ಅರ್ಥ ಹೊಳೆಯಲು ಇನ್ನೂ ಎರಡು ದಶಕ ಬೇಕಾಯಿತು. 1976ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗಿನಲ್ಲಿ ಕ್ಯಾಥರೀನಾ ಸ್ವಾನ್‌ಬೋರ್ಗ್ ಮತ್ತು ಸಹೋದ್ಯೋಗಿಗಳು, ಸೋಂಕಿತರಿಂದ ಪಡೆದ ಇ. ಕೋಲೈ ಮೂತ್ರನಾಳದ ಜೀವಕೋಶಗಳಿಗೆ ಅಂಟಿಕೊಳ್ಳುವ ಶಕ್ತಿಗೂ ರೋಗದ ತೀವ್ರತೆಗೂ ಇರುವ ನಂಟನ್ನು ವರದಿ ಮಾಡಿದರು. 1977ರಲ್ಲಿ ಇಟ್ಜಾಕ್ ಓಫೆಕ್, ಡೇವಿಡ್ ಮಿರೆಲ್ಮನ್ ಮತ್ತು ನೇಥನ್ ಶರೋನ್ ಎಂಬ ಮೂವರು, ಮನುಷ್ಯರ ಲೋಳೆಪೊರೆಯ ಕೋಶಗಳನ್ನು ಇ. ಕೋಲೈ ಹಿಡಿಯುವುದು ಆ ಕೋಶಗಳ ಮೇಲಿರುವ ಮ್ಯಾನೋಸಿನ ಮೂಲಕವೇ ಎಂದು ಸ್ಥಾಪಿಸಿದರು. ಅಲ್ಲಿಂದ ಮುಂದೆ, ಅಂಟಿಕೊಳ್ಳುವಿಕೆಯೆಂದರೆ ಏನೋ ಒಂದು ಜಿಗುಟುತನ ಎಂಬ ಹಳೆಯ ಭಾವನೆ ಹೋಗಿ, ನಿರ್ದಿಷ್ಟ ಪ್ರೋಟೀನೊಂದು ನಿರ್ದಿಷ್ಟ ಸಕ್ಕರೆಯನ್ನು ಗುರುತಿಸುವ ಕ್ರಿಯೆ ಅದು ಎಂಬ ತಿಳಿವಳಿಕೆ ಬಂತು.

ಆ ಪ್ರೋಟೀನಿನ ಹೆಸರು ಫಿಮ್‌ಎಚ್. ಮೂತ್ರಕೋಶದ ಸೋಂಕಿನಲ್ಲಿ ಮುಖ್ಯವಾದ ಎಳೆಗಳನ್ನು ಒಂದನೇ ಬಗೆಯ ಪಿಲಿ ಎನ್ನುತ್ತಾರೆ. ಅವು ಸುಮಾರು 7 ನ್ಯಾನೋಮೀಟರ್ ದಪ್ಪವಿದ್ದು, ಸಾಮಾನ್ಯವಾಗಿ 1ರಿಂದ 2 ಮೈಕ್ರೋಮೀಟರ್‌ವರೆಗೆ ಚಾಚಿಕೊಂಡಿರುತ್ತವೆ. ಎಂದರೆ ಒಂದೊಂದು ಎಳೆಯೂ ಹೆಚ್ಚು ಕಡಿಮೆ ಬ್ಯಾಕ್ಟೀರಿಯಾದ ದೇಹದಷ್ಟೇ ಉದ್ದ. ಎಳೆಯ ಕಾಂಡವೆಲ್ಲ ಫಿಮ್‌ಎ ಎಂಬ ಒಂದೇ ಪ್ರೋಟೀನಿನ ನೂರಾರು ಪ್ರತಿಗಳು ಸುರುಳಿಯಾಗಿ ಸುತ್ತಿಕೊಂಡು ಆದದ್ದು. ತುದಿಯಲ್ಲಿ ಫಿಮ್‌ಎಫ್ ಮತ್ತು ಫಿಮ್‌ಜಿ ಎಂಬ ಎರಡು ಕೊಂಡಿಗಳು. ಅವುಗಳಿಗೂ ಆಚೆ, ಕಟ್ಟಕಡೆಯಲ್ಲಿ, ಒಂದೇ ಒಂದು ಫಿಮ್‌ಎಚ್ ಅಣು. ಆ ಅಣುವಿನಲ್ಲಿ ಮ್ಯಾನೋಸ್ ಸರಿಯಾಗಿ ಕೂರುವಂಥ ಆಳವಾದ ಗುಳಿಯೊಂದಿದೆ. 1999ರಲ್ಲಿ ಫಿಮ್‌ಎಚ್‌ನ ಸ್ಫಟಿಕ ರಚನೆ ಪ್ರಕಟವಾದಾಗ ಈ ಗುಳಿ ಮೊದಲ ಬಾರಿಗೆ ಕಣ್ಣಿಗೆ ಬಿತ್ತು. ಬೇರೆ ಬೇರೆ ರೋಗಿಗಳಿಂದ ಪಡೆದ ತಳಿಗಳನ್ನು ಹೋಲಿಸಿದರೂ ಗುಳಿಯನ್ನು ರೂಪಿಸುವ ಅಮೈನೋ ಆಮ್ಲಗಳು ಬದಲಾಗದೆ ಉಳಿದಿರುವುದು ಕಂಡುಬರುತ್ತದೆ. ಅಲ್ಲಿ ಬದಲಾವಣೆಯಾದರೆ ಹಿಡಿತವೇ ಹೋಗುತ್ತದೆ, ಹಿಡಿತ ಹೋದ ಬ್ಯಾಕ್ಟೀರಿಯಾಕ್ಕೆ ಮೂತ್ರಕೋಶದಲ್ಲಿ ಜಾಗವಿಲ್ಲ.

ಇಂಥ ಎಳೆಯನ್ನು ಬ್ಯಾಕ್ಟೀರಿಯಾ ಕಟ್ಟುವ ಕ್ರಮದ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕೆನಿಸುತ್ತದೆ. ಪಿಲಿಯ ಒಂದೊಂದು ಪ್ರೋಟೀನ್ ತುಣುಕೂ ಹುಟ್ಟುವಾಗಲೇ ಅಪೂರ್ಣ. ಅದು ಸರಿಯಾಗಿ ಮಡಚಿಕೊಳ್ಳಲು ಬೇಕಾದ ಏಳು ಪಟ್ಟಿಗಳಲ್ಲಿ ಒಂದು ಇರುವುದಿಲ್ಲ. ಆ ಕೊರತೆಯನ್ನು ಫಿಮ್‌ಸಿ ಎಂಬ ಸಹಾಯಕ ಪ್ರೋಟೀನ್ ತನ್ನದೇ ಒಂದು ಪಟ್ಟಿಯನ್ನು ಎರವಲು ಕೊಟ್ಟು ತುಂಬುತ್ತದೆ, ತುಣುಕನ್ನು ಹೊರಪೊರೆಯಲ್ಲಿರುವ ಫಿಮ್‌ಡಿ ಎಂಬ ದ್ವಾರದವರೆಗೆ ತಂದು ಮುಟ್ಟಿಸುತ್ತದೆ. ದ್ವಾರದ ಬಳಿ ಹಿಂದಿನಿಂದ ಬಂದ ತುಣುಕು ತನ್ನ ಚಾಚಿದ ತುದಿಯನ್ನು ಮುಂದಿನ ತುಣುಕಿನ ಖಾಲಿ ಜಾಗಕ್ಕೆ ತೂರಿಸುತ್ತದೆ. ಎರವಲು ಕೊಟ್ಟವನು ಬಿಡುಗಡೆಯಾಗಿ ಹಿಂದಿರುಗುತ್ತಾನೆ. ಹೀಗೆ ಪ್ರತಿ ತುಣುಕೂ ಇನ್ನೊಂದರ ಕೊರತೆಯನ್ನು ತುಂಬುತ್ತ ಸರಪಳಿ ಬೆಳೆಯುತ್ತದೆ. ಮೊದಲು ಹೊರಬರುವುದು ಫಿಮ್‌ಎಚ್, ಆದ್ದರಿಂದಲೇ ಅದು ಸದಾ ತುದಿಯಲ್ಲಿರುತ್ತದೆ. ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಸ್ಕಾಟ್ ಹಲ್ಟ್‌ಗ್ರೆನ್ ಅವರ ಬಳಗ ಹಲವು ದಶಕಗಳ ಕಾಲ ಬಿಡಿಸಿದ ಒಗಟು ಇದು. ಈ ಜೋಡಣೆಯ ಒಂದು ಹಂತವನ್ನು ತಡೆದರೂ ಬ್ಯಾಕ್ಟೀರಿಯಾ ಬದುಕಿರುತ್ತದೆ, ಬೆಳೆಯಲೂಬಹುದು, ಆದರೆ ಹಿಡಿಯುವ ಸಾಮರ್ಥ್ಯವನ್ನು ಮಾತ್ರ ಕಳೆದುಕೊಳ್ಳುತ್ತದೆ. ಔಷಧ ಹುಡುಕುವವರಿಗೆ ಇದು ದೊಡ್ಡ ಆಸೆಯನ್ನು ಹುಟ್ಟಿಸಿದ ಸಂಗತಿ.

ಪಿಲಿಯನ್ನು ಸದಾಕಾಲ ಹೊತ್ತುಕೊಂಡಿರುವುದೂ ಬ್ಯಾಕ್ಟೀರಿಯಾಕ್ಕೆ ಲಾಭದಾಯಕವಲ್ಲ. ದೇಹದ ರಕ್ಷಣಾ ಕೋಶಗಳು ಅದನ್ನು ಬೇಗ ಗುರುತಿಸುತ್ತವೆ. ಅದಕ್ಕಾಗಿ ಅದರ ಡಿಎನ್‌ಎಯಲ್ಲಿ 314 ಅಕ್ಷರಗಳಷ್ಟು ಉದ್ದದ ಒಂದು ತುಂಡು ತಿರುಗುಮುರುಗಾಗಬಲ್ಲದು. ಒಂದು ದಿಕ್ಕಿನಲ್ಲಿದ್ದರೆ ಪಿಲಿಯ ತಯಾರಿ ನಡೆಯುತ್ತದೆ, ಇನ್ನೊಂದು ದಿಕ್ಕಿಗೆ ತಿರುಗಿದರೆ ನಿಲ್ಲುತ್ತದೆ. ಒಂದೇ ತಾಯಿಕೋಶದಿಂದ ಬಂದ ಬ್ಯಾಕ್ಟೀರಿಯಾಗಳ ಗುಂಪಿನಲ್ಲಿಯೂ ಕೆಲವು ಎಳೆಗಳನ್ನು ಚಾಚಿಕೊಂಡಿರುತ್ತವೆ, ಕೆಲವು ಬೋಳಾಗಿರುತ್ತವೆ.

ಈಗ ನನ್ನ ಮೊದಲ ಪ್ರಶ್ನೆಯ ಹೃದಯಭಾಗಕ್ಕೆ ಬರುತ್ತೇನೆ. ಸಾಮಾನ್ಯ ತಿಳಿವಳಿಕೆಯ ಪ್ರಕಾರ, ಎರಡು ಅಣುಗಳ ನಡುವಿನ ಬಂಧವನ್ನು ಎಳೆದರೆ ಅದು ಬೇಗ ಕಡಿದುಹೋಗಬೇಕು. ಹಾಗಿದ್ದಲ್ಲಿ ಮೂತ್ರ ಹರಿಯುವಾಗ ಬ್ಯಾಕ್ಟೀರಿಯಾಗಳು ಸುಲಭವಾಗಿ ಕಿತ್ತುಬರಬೇಕಿತ್ತು. ಆದರೆ 2002ರಲ್ಲಿ ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ವೆಂಡಿ ಥಾಮಸ್, ಎವ್ಗೆನಿ ಸೊಕುರೆಂಕೊ, ವಿಯೋಲಾ ವೋಗೆಲ್ ಮತ್ತು ಜೊತೆಗಾರರು ಪ್ರಕಟಿಸಿದ ಪ್ರಯೋಗ ಇದಕ್ಕೆ ತದ್ವಿರುದ್ಧವಾದ ಚಿತ್ರವನ್ನು ಕೊಟ್ಟಿತು. ಹರಿವು ನಿಧಾನವಿದ್ದಾಗ ಇ. ಕೋಲೈ ಮೇಲ್ಮೈಯ ಮೇಲೆ ಸಡಿಲವಾಗಿ ಉರುಳುತ್ತಿತ್ತು, ಆಗಾಗ ಕಳಚಿಕೊಳ್ಳುತ್ತಿತ್ತು. ಹರಿವಿನ ರಭಸವನ್ನು ಹೆಚ್ಚಿಸಿದಾಗ ಅದು ಗಟ್ಟಿಯಾಗಿ ಹಿಡಿದು ನಿಂತಿತು. ಜೀರುಗುಣಿಕೆ ಎಳೆದಷ್ಟೂ ಬಿಗಿಯುವ ಹಾಗೆ ಈ ಬಂಧವೂ ಎಳೆತಕ್ಕೆ ಸಿಕ್ಕಾಗ ಬಲಗೊಳ್ಳುತ್ತದೆ.

ಇದರ ಹಿಂದಿನ ಯಂತ್ರವಿನ್ಯಾಸ ಈಗ ಬಹುಮಟ್ಟಿಗೆ ಸ್ಪಷ್ಟವಾಗಿದೆ. ಫಿಮ್‌ಎಚ್‌ನಲ್ಲಿ ಎರಡು ಭಾಗಗಳಿವೆ: ಸಕ್ಕರೆಯನ್ನು ಹಿಡಿಯುವ ಭಾಗ ಒಂದು, ಎಳೆಗೆ ಜೋಡಣೆಗೊಂಡ ಭಾಗ ಇನ್ನೊಂದು. ಎಳೆತವಿಲ್ಲದಾಗ ಇವೆರಡೂ ಒಂದಕ್ಕೊಂದು ಒತ್ತಿಕೊಂಡಿರುತ್ತವೆ, ಆ ಒತ್ತುವಿಕೆಯಿಂದ ಸಕ್ಕರೆಯ ಗುಳಿ ತುಸು ತೆರೆದುಕೊಂಡು ಹಿಡಿತ ಸಡಿಲವಾಗಿರುತ್ತದೆ. ದ್ರವದ ಹರಿವು ಬ್ಯಾಕ್ಟೀರಿಯಾವನ್ನು ಎಳೆದಾಗ ಎರಡೂ ಭಾಗಗಳು ಬೇರ್ಪಟ್ಟು, ಗುಳಿ ಮ್ಯಾನೋಸಿನ ಸುತ್ತ ಮುಚ್ಚಿಕೊಳ್ಳುತ್ತದೆ. ಕಾಂಡವೂ ಸುಮ್ಮನಿರುವುದಿಲ್ಲ. ಎಳೆತ ಒಂದು ಮಿತಿಯನ್ನು ದಾಟಿದಾಗ ಸುತ್ತಿಕೊಂಡಿದ್ದ ಸುರುಳಿ ಬಿಚ್ಚಿಕೊಳ್ಳುತ್ತ ಎಳೆ ತನ್ನ ಮೂಲ ಉದ್ದದ ಹಲವು ಪಟ್ಟು ಉದ್ದವಾಗುತ್ತದೆ. ಹಾಗೆ ಬಿಚ್ಚಿಕೊಳ್ಳುವಾಗ ರಭಸದ ಹೊಡೆತವನ್ನು ಅದು ತಾನೇ ಹೀರಿಕೊಳ್ಳುತ್ತದೆ, ತುದಿಯ ಬಂಧಕ್ಕೆ ಬೀಳುವ ಭಾರ ಮಿತಿಯೊಳಗೆ ಉಳಿಯುತ್ತದೆ. ಹರಿವು ತಗ್ಗಿದಾಗ ಎಳೆ ಮತ್ತೆ ಸುರುಳಿಯಾಗುತ್ತದೆ, ಗುಳಿ ಸಡಿಲಗೊಳ್ಳುತ್ತದೆ, ಬ್ಯಾಕ್ಟೀರಿಯಾ ಸರಿದು ಹೊಸ ಜಾಗಕ್ಕೆ ಹೋಗಬಲ್ಲದು. ಮೂತ್ರ ಹರಿಯುವಾಗ ಹಿಡಿತ, ನಿಂತಾಗ ಸಂಚಾರ. ಅಂಗವೊಂದರ ಲಯಕ್ಕೆ ಅಣುವೊಂದು ಇಷ್ಟು ನಿಖರವಾಗಿ ಹೊಂದಿಕೊಂಡಿರುವ ಉದಾಹರಣೆಗಳು ಜೀವವಿಜ್ಞಾನದಲ್ಲಿ ವಿರಳ ಎಂದು ನನಗನಿಸುತ್ತದೆ. ಇದನ್ನು ಅರಿತಾಗ ಬೆರಗೂ, ಇದರಿಂದ ನರಳುವವರನ್ನು ನೆನೆದಾಗ ಸಂಕಟವೂ ಒಟ್ಟಿಗೇ ಉಂಟಾಗುತ್ತವೆ.

ಹಿಡಿತ ಇಲ್ಲಿಗೇ ನಿಲ್ಲುವುದಿಲ್ಲ. ಫಿಮ್‌ಎಚ್ ಜೀವಕೋಶದ ಮೇಲ್ಮೈಯನ್ನು ಹಿಡಿದಾಗ ಕೋಶದೊಳಕ್ಕೂ ಸಂದೇಶಗಳು ಹೋಗುತ್ತವೆ. ಕೋಶದ ಒಳಚೌಕಟ್ಟು ಮರುಜೋಡಣೆಗೊಂಡು, ಕೋಶವು ತಾನೇ ಬ್ಯಾಕ್ಟೀರಿಯಾವನ್ನು ಪೊರೆಯಿಂದ ಸುತ್ತುವರಿದು ಒಳಗೆ ಸೆಳೆದುಕೊಳ್ಳುತ್ತದೆ. ಇಲಿಗಳ ಮೇಲಿನ ಅಧ್ಯಯನಗಳಲ್ಲಿ ಈ ಒಳಪ್ರವೇಶದ ಮುಂದಿನ ಕಥೆ ವಿವರವಾಗಿ ದಾಖಲಾಗಿದೆ. ಒಳಹೊಕ್ಕ ಬ್ಯಾಕ್ಟೀರಿಯಾಗಳಲ್ಲಿ ಬಹಳಷ್ಟನ್ನು ಕೋಶವು ಹೊರದಬ್ಬುತ್ತದೆ. ತಪ್ಪಿಸಿಕೊಂಡು ಕೋಶರಸಕ್ಕೆ ಸೇರಿದ ಒಂದೇ ಒಂದು ಬ್ಯಾಕ್ಟೀರಿಯಾ ಕೂಡ ಕೆಲವೇ ಗಂಟೆಗಳಲ್ಲಿ ವಿಭಜನೆಗೊಳ್ಳುತ್ತ ಸಾವಿರಾರಾಗಿ, ಕೋಶದ ತುಂಬ ಒತ್ತೊತ್ತಾದ ಗುಂಪಾಗಿ ಬೆಳೆಯಬಲ್ಲದು. 2003ರಲ್ಲಿ ಈ ಗುಂಪುಗಳ ವಿವರಣೆ ಪ್ರಕಟವಾಯಿತು. ಕೋಶದೊಳಗಿರುವ ಅವುಗಳನ್ನು ರಕ್ಷಣಾ ಕೋಶಗಳು ಮುಟ್ಟಲಾರವು, ಎಷ್ಟೋ ಆಂಟಿಬಯೋಟಿಕ್‌ಗಳೂ ಅಲ್ಲಿಗೆ ಸಾಕಷ್ಟು ಪ್ರಮಾಣದಲ್ಲಿ ತಲುಪಲಾರವು. ಆಮೇಲೆ ಅವು ಕೋಶವನ್ನು ಒಡೆದು ಹೊರಬಂದು, ಕೆಲವು ಉದ್ದನೆಯ ದಾರದಂತೆ ಬೆಳೆದು, ಪಕ್ಕದ ಕೋಶಗಳಿಗೆ ಅಂಟಿಕೊಳ್ಳುತ್ತವೆ. ಇದು ಇಲಿಗಳಿಗೆ ಮಾತ್ರ ಸೀಮಿತವೇ ಎಂಬ ಅನುಮಾನ ಸಹಜವಾಗಿತ್ತು. 2007ರಲ್ಲಿ ಸೋಂಕಿತ ಸ್ತ್ರೀಯರ ಮೂತ್ರವನ್ನು ಪರೀಕ್ಷಿಸಿದಾಗ, ಉದುರಿದ ಕೋಶಗಳೊಳಗೆ ಇಂಥವೇ ಗುಂಪುಗಳೂ ದಾರದಂಥ ಬ್ಯಾಕ್ಟೀರಿಯಾಗಳೂ ಒಂದಷ್ಟು ಜನರಲ್ಲಿ ಕಂಡುಬಂದವು. ಸೋಂಕಿಲ್ಲದವರ ಮೂತ್ರದಲ್ಲಿ ಅವು ಇರಲಿಲ್ಲ.

ದೇಹದ ಪ್ರತಿಕ್ರಿಯೆ ಕಠೋರವಾದದ್ದು. ಸೋಂಕಿತ ಛತ್ರಿ ಕೋಶಗಳು ತಮ್ಮನ್ನು ತಾವೇ ಕೊಂದುಕೊಂಡು ಉದುರಿಹೋಗುತ್ತವೆ, ಅಂಟಿದ ಬ್ಯಾಕ್ಟೀರಿಯಾಗಳನ್ನೂ ಕೊಂಡೊಯ್ಯುತ್ತವೆ. ಇದರಿಂದ ದೊಡ್ಡ ಹೊರೆ ಇಳಿಯುವುದು ನಿಜ. ಆದರೆ ಮೇಲಿನ ಸಾಲು ಉದುರಿದಾಗ ಕೆಳಗಿನ ಇನ್ನೂ ಬಲಿಯದ ಕೋಶಗಳು ತೆರೆದುಕೊಳ್ಳುತ್ತವೆ, ಅವುಗಳೊಳಗೆ ಹೊಕ್ಕ ಕೆಲವು ಬ್ಯಾಕ್ಟೀರಿಯಾಗಳು ಬೆಳೆಯದೆ, ಸಾಯದೆ, ವಾರಗಟ್ಟಲೆ ಹಾಗೆಯೇ ಉಳಿಯುವುದನ್ನು ಇಲಿಗಳಲ್ಲಿ ಕಂಡಿದ್ದಾರೆ. ಮನುಷ್ಯರಲ್ಲಿ ಒಂದು ಬಾರಿ ಸೋಂಕು ಕಂಡ ಸ್ತ್ರೀಯರಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬರಿಗೆ ಆರು ತಿಂಗಳೊಳಗೆ ಅದು ಮರುಕಳಿಸುತ್ತದೆ. ಎಲ್ಲ ಮರುಕಳಿಕೆಯೂ ಇಂಥ ಅಡಗುದಾಣಗಳಿಂದಲೇ ಎಂದು ಹೇಳಲಾಗದು. ಕರುಳಿನಲ್ಲಿರುವ ಅದೇ ತಳಿ ಮತ್ತೆ ಮೇಲೇರಿ ಬರುವುದು ಸಾಮಾನ್ಯ. ಎರಡೂ ದಾರಿಗಳಲ್ಲಿ ಮೊದಲು ನಡೆಯುವುದು ಹಿಡಿತವೇ. ಇಲ್ಲಿ ಒಂದು ಮಾತನ್ನು ಒತ್ತಿ ಹೇಳಲೇಬೇಕು. ಸೋಂಕು ಮರುಕಳಿಸಿದ ಸ್ತ್ರೀಯರಿಗೆ ಸ್ವಚ್ಛತೆಯ ಪಾಠ ಹೇಳಿ, ಅವರೇ ಏನೋ ತಪ್ಪು ಮಾಡಿದ್ದಾರೆಂಬ ಭಾವನೆಯನ್ನು ಹುಟ್ಟಿಸುವ ರೂಢಿ ಇನ್ನೂ ಉಳಿದಿದೆ. ಜೀವಕೋಶದ ಒಳಗೆ ಅಡಗಿ ಕುಳಿತ ಬ್ಯಾಕ್ಟೀರಿಯಾವನ್ನು ಯಾವ ಸಾಬೂನೂ ತೊಳೆಯಲಾರದು. ಆ ಆರೋಪ ಅನ್ಯಾಯದ್ದು.

ಮೂತ್ರಪಿಂಡದ ಕಥೆ ಬೇರೆ. ಅಲ್ಲಿ ಕೆಲಸ ಮಾಡುವುದು ಪಿ ಪಿಲಿ ಎಂಬ ಇನ್ನೊಂದು ಬಗೆಯ ಎಳೆ, ಅದರ ತುದಿಯಲ್ಲಿರುವ ಪ್ರೋಟೀನ್ ಪ್ಯಾಪ್‌ಜಿ. ಅದು ಹಿಡಿಯುವುದು ಮ್ಯಾನೋಸನ್ನಲ್ಲ, ಮೂತ್ರಪಿಂಡದ ಕೋಶಗಳ ಕೊಬ್ಬಿನ ಅಣುಗಳಿಗೆ ಜೋಡಣೆಗೊಂಡ ಎರಡು ಗ್ಯಾಲಕ್ಟೋಸ್ ಘಟಕಗಳ ಜೋಡಿಯನ್ನು. ಇದೇ ಜೋಡಿ ಪಿ ರಕ್ತಗುಂಪಿನ ಗುರುತೂ ಹೌದು. 1980ರ ಸುಮಾರಿಗೆ ಸ್ವೀಡನ್ನಿನ ಎರಡು ತಂಡಗಳು ಇದನ್ನು ಬೇರೆ ಬೇರೆಯಾಗಿ ಕಂಡುಕೊಂಡವು. ಈ ಗುರುತೇ ಇಲ್ಲದ, ಬಹಳ ಅಪರೂಪದ ರಕ್ತಗುಂಪಿನವರ ಕೆಂಪುಕಣಗಳನ್ನು ಪಿ ಪಿಲಿಯುಳ್ಳ ಬ್ಯಾಕ್ಟೀರಿಯಾ ಗುಂಪುಗಟ್ಟಿಸಲಾರದೆ ಹೋದದ್ದು ಆ ಶೋಧಕ್ಕೆ ದಾರಿ ತೋರಿಸಿತು. ಮೂತ್ರಪಿಂಡದ ತೀವ್ರ ಸೋಂಕಿಗೆ ಕಾರಣವಾಗುವ ತಳಿಗಳಲ್ಲಿ ಪಿ ಪಿಲಿ ಬಹಳ ಹೆಚ್ಚಾಗಿ ಕಂಡುಬರುತ್ತದೆ.

ದೇಹವೂ ಈ ಹಿಡಿತಕ್ಕೆ ಎದುರಾಗಿ ಒಂದು ಸುಂದರವಾದ ಉಪಾಯವನ್ನು ಬೆಳೆಸಿಕೊಂಡಿದೆ. 1950ರಲ್ಲಿ ಇಗೋರ್ ಟಾಮ್ ಮತ್ತು ಫ್ರಾಂಕ್ ಹಾರ್ಸ್‌ಫಾಲ್ ಮೂತ್ರದಿಂದ ಬೇರ್ಪಡಿಸಿದ, ಈಗ ಯೂರೋಮಾಡುಲಿನ್ ಎಂದು ಕರೆಯುವ ಪ್ರೋಟೀನ್ ಆರೋಗ್ಯವಂತರ ಮೂತ್ರದಲ್ಲಿರುವ ಪ್ರೋಟೀನುಗಳಲ್ಲೆಲ್ಲ ಹೇರಳವಾದದ್ದು. ಮೂತ್ರಪಿಂಡದ ಸೂಕ್ಷ್ಮ ನಾಳಗಳಲ್ಲಿ ತಯಾರಾಗುವ ಇದು ಉದ್ದನೆಯ ದಾರಗಳಾಗಿ ಹೆಣೆದುಕೊಳ್ಳುತ್ತದೆ, ಆ ದಾರಗಳ ಉದ್ದಕ್ಕೂ ಮ್ಯಾನೋಸ್ ಸರಪಳಿಗಳಿರುತ್ತವೆ. ಫಿಮ್‌ಎಚ್ ಮೂತ್ರಕೋಶದ ಗೋಡೆಯನ್ನು ತಲುಪುವ ಮೊದಲೇ ಈ ತೇಲುವ ಮ್ಯಾನೋಸನ್ನು ಹಿಡಿದುಕೊಂಡರೆ, ಬ್ಯಾಕ್ಟೀರಿಯಾ ದಾರಗಳೊಂದಿಗೆ ಸಿಕ್ಕುಬಿದ್ದು ಮೂತ್ರದಲ್ಲಿ ಹೊರಟುಹೋಗುತ್ತದೆ. ಈ ಪ್ರೋಟೀನನ್ನು ತಯಾರಿಸಲಾರದ ಇಲಿಗಳು ಸೋಂಕಿಗೆ ಸುಲಭವಾಗಿ ತುತ್ತಾದವು. 2020ರಲ್ಲಿ ಪ್ರಕಟವಾದ ಶೀತಲ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರಗಳಲ್ಲಿ, ಯೂರೋಮಾಡುಲಿನ್ ದಾರಗಳು ಪಿಲಿಗಳ ತುದಿಗೆ ಸುತ್ತಿಕೊಂಡು ಬ್ಯಾಕ್ಟೀರಿಯಾಗಳನ್ನು ಒಟ್ಟುಗೂಡಿಸಿರುವುದನ್ನು ನೇರವಾಗಿ ಕಾಣಬಹುದು.

ಬ್ಯಾಕ್ಟೀರಿಯಾದ ಇರವು ಬೇರೆ, ರೋಗ ಬೇರೆ ಎಂಬ ಮಾತಿಗೆ ನನ್ನ ಬಳಿ ಇರುವ ಅತ್ಯುತ್ತಮ ಸಾಕ್ಷ್ಯ 83972 ಎಂಬ ಸಂಖ್ಯೆಯಿಂದ ಗುರುತಿಸುವ ಇ. ಕೋಲೈ ತಳಿ. ಸ್ವೀಡನ್ನಿನ ಒಬ್ಬ ಬಾಲಕಿಯ ಮೂತ್ರಕೋಶದಲ್ಲಿ ಅದು ಸುಮಾರು ಮೂರು ವರ್ಷ ಇತ್ತು, ಯಾವ ತೊಂದರೆಯನ್ನೂ ಕೊಡಲಿಲ್ಲ. ಪರೀಕ್ಷಿಸಿ ನೋಡಿದಾಗ ಒಂದನೇ ಬಗೆಯ ಪಿಲಿ, ಪಿ ಪಿಲಿ ಎರಡನ್ನೂ ಕಟ್ಟುವ ಜೀನ್‌ಗಳು ಅದರಲ್ಲಿ ಕೆಟ್ಟುಹೋಗಿದ್ದವು. ಅದರ ಪೂರ್ವಜರಿಗೆ ಹಿಡಿತವಿತ್ತು, ಅದು ಕಳೆದುಕೊಂಡಿತು, ಕಳೆದುಕೊಂಡ ಮೇಲೆ ಮೂತ್ರದಲ್ಲಿ ಬೇಗ ಬೇಗ ಬೆಳೆಯುತ್ತ ಸಾಧುವಾಗಿ ಬದುಕಿತು. ಮೂತ್ರಕೋಶ ಪೂರ್ತಿ ಬರಿದಾಗದ, ಪದೇಪದೇ ಸೋಂಕಿಗೆ ಒಳಗಾಗುವ ಕೆಲವು ರೋಗಿಗಳಲ್ಲಿ ವೈದ್ಯರು ಈ ತಳಿಯನ್ನು ಉದ್ದೇಶಪೂರ್ವಕವಾಗಿ ನೆಲೆಗೊಳಿಸಿ, ಕೆಟ್ಟ ತಳಿಗಳನ್ನು ದೂರವಿಡಲು ಪ್ರಯತ್ನಿಸಿದ್ದೂ ಉಂಟು. ಲಕ್ಷಣಗಳಿಲ್ಲದೆ ಮೂತ್ರದಲ್ಲಿ ಬ್ಯಾಕ್ಟೀರಿಯಾ ಕಂಡರೆ ಗರ್ಭಿಣಿಯರು ಮತ್ತು ಮೂತ್ರನಾಳದ ಕೆಲವು ಶಸ್ತ್ರಕ್ರಿಯೆಗಳಿಗೆ ಸಿದ್ಧರಾಗುತ್ತಿರುವವರನ್ನು ಬಿಟ್ಟು ಸಾಮಾನ್ಯವಾಗಿ ಚಿಕಿತ್ಸೆ ಬೇಡ ಎಂಬ ಈಗಿನ ವೈದ್ಯಕೀಯ ಸಲಹೆಯನ್ನು ಈ ಹಿನ್ನೆಲೆಯಲ್ಲಿ ನೋಡಿದರೆ ಅದು ಹೆಚ್ಚು ಮನದಟ್ಟಾಗುತ್ತದೆ.

ಇತರ ಬ್ಯಾಕ್ಟೀರಿಯಾಗಳಿಗೂ ತಮ್ಮ ತಮ್ಮ ಹಿಡಿಕೆಗಳಿವೆ. ಕ್ಯಾತಿಟರ್, ಅಂದರೆ ಮೂತ್ರವನ್ನು ಹೊರಹರಿಸುವ ಕೊಳವೆ, ಹಾಕಿದವರ ಮೂತ್ರಕೋಶದಲ್ಲಿ ಗಾಯದ ಪ್ರತಿಕ್ರಿಯೆಯಾಗಿ ಫೈಬ್ರಿನೋಜನ್ ಎಂಬ ರಕ್ತದ ಪ್ರೋಟೀನ್ ಒಸರಿ ಕ್ಯಾತಿಟರಿನ ಮೈಗೆ ಹತ್ತಿಕೊಳ್ಳುತ್ತದೆ. ಎಂಟರೋಕಾಕಸ್ ಫೀಕಾಲಿಸ್ ಅದನ್ನೇ ಹಿಡಿದು ಬೆಳೆಯುತ್ತದೆ. ಹಿಡಿಯಲು ಜೀವಕೋಶವೇ ಬೇಕೆಂದಿಲ್ಲ.

ಹಿಡಿತವನ್ನು ಬಿಡಿಸುವ ಮೂಲಕ ರೋಗವನ್ನು ಗೆಲ್ಲಬಹುದೇ ಎಂಬ ಪ್ರಶ್ನೆಗೆ ಈಗ ಬರೋಣ. ಆಂಟಿಬಯೋಟಿಕ್‌ಗಳಿಗೆ ಬಗ್ಗದ ತಳಿಗಳು ಹೆಚ್ಚುತ್ತಿರುವ ಕಾಲದಲ್ಲಿ ಇದು ಕೇವಲ ಕುತೂಹಲದ ಪ್ರಶ್ನೆಯಲ್ಲ. 1979ರಲ್ಲಿಯೇ ಮ್ಯಾನೋಸಿನಿಂದ ತಯಾರಿಸಿದ ಒಂದು ಸಂಯುಕ್ತವನ್ನು ಬ್ಯಾಕ್ಟೀರಿಯಾದೊಂದಿಗೆ ಕೊಟ್ಟು, ಇಲಿಗಳಲ್ಲಿ ಸೋಂಕು ನೆಲೆಗೊಳ್ಳುವುದನ್ನು ತಗ್ಗಿಸಿದ್ದರು. ಮುಂದೆ ಮ್ಯಾನೋಸಿಗೆ ಸೂಕ್ತ ರಾಸಾಯನಿಕ ಬಾಲಗಳನ್ನು ಜೋಡಿಸಿ, ಫಿಮ್‌ಎಚ್‌ನ ಗುಳಿಯಲ್ಲಿ ಬಹಳ ಗಟ್ಟಿಯಾಗಿ ಕೂರುವ ಮ್ಯಾನೋಸೈಡ್‌ಗಳನ್ನು ರೂಪಿಸಿದರು. 2011ರಲ್ಲಿ ಬಾಯಿಯ ಮೂಲಕ ಕೊಟ್ಟ ಮ್ಯಾನೋಸೈಡ್ ಇಲಿಗಳ ದೀರ್ಘಕಾಲದ ಸೋಂಕನ್ನು ತಗ್ಗಿಸಿತೆಂಬ ವರದಿ ಬಂತು. 2017ರಲ್ಲಿ ಅಂಥದೇ ಇನ್ನೊಂದು ಸಂಯುಕ್ತ ಇಲಿಗಳ ಕರುಳಿನಲ್ಲಿರುವ ರೋಗಕಾರಕ ಇ. ಕೋಲೈಯನ್ನೂ ಕಡಿಮೆ ಮಾಡಿತು, ಉಳಿದ ಕರುಳಿನ ಬ್ಯಾಕ್ಟೀರಿಯಾಗಳನ್ನು ಬಹುತೇಕ ಹಾಗೆಯೇ ಬಿಟ್ಟಿತು. ಇಂಥ ಔಷಧ ಬ್ಯಾಕ್ಟೀರಿಯಾವನ್ನು ಕೊಲ್ಲುವುದಿಲ್ಲ. ಆದ್ದರಿಂದ ಅದಕ್ಕೆ ಬಗ್ಗದ ತಳಿಗಳು ಬೆಳೆಯುವ ಒತ್ತಡವೂ ಕಡಿಮೆಯಿರುತ್ತದೆಂಬ ನಿರೀಕ್ಷೆ ಇದೆ.

ಆದರೆ ಅಂಗಡಿಗಳಲ್ಲಿ ದೊರೆಯುವ ಸಾದಾ ಡಿ-ಮ್ಯಾನೋಸ್ ಪುಡಿಯನ್ನು ಇದೇ ಔಷಧವೆಂದು ಭಾವಿಸಬಾರದು. ಸಾದಾ ಮ್ಯಾನೋಸ್ ಫಿಮ್‌ಎಚ್‌ಗೆ ಅಂಟುವುದು ಮ್ಯಾನೋಸೈಡ್‌ಗಳಿಗಿಂತ ಎಷ್ಟೋ ಪಟ್ಟು ದುರ್ಬಲವಾಗಿ. 2024ರಲ್ಲಿ ಬ್ರಿಟನ್ನಿನ 598 ಸ್ತ್ರೀಯರ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ ಪ್ರಕಟವಾಯಿತು. ಪದೇಪದೇ ಸೋಂಕು ಅನುಭವಿಸಿದ್ದ ಅವರಲ್ಲಿ ಕೆಲವರಿಗೆ ದಿನಕ್ಕೆ 2 ಗ್ರಾಂನಂತೆ ಆರು ತಿಂಗಳು ಡಿ-ಮ್ಯಾನೋಸ್, ಉಳಿದವರಿಗೆ ಹೋಲಿಕೆಗಾಗಿ ಬೇರೆ ಸಕ್ಕರೆ ಕೊಟ್ಟಿದ್ದರು. ಮತ್ತೆ ಸೋಂಕಿನ ಶಂಕೆಯಿಂದ ವೈದ್ಯರ ಬಳಿಗೆ ಹೋದವರು ಮೊದಲ ಗುಂಪಿನಲ್ಲಿ ಶೇ. 51, ಎರಡನೆಯದರಲ್ಲಿ ಶೇ. 55.7. ಪರಿಣಾಮವಿದೆ ಎನ್ನಲು ಈ ಅಂತರ ಸಾಲದು. ಕ್ರಾನ್‌ಬೆರಿ ಹಣ್ಣಿನ ವಿಷಯ ಸ್ವಲ್ಪ ಬೇರೆ. ಅದರಲ್ಲಿರುವ ಪ್ರೋಆಂಥೋಸಯನಿಡಿನ್ ಎಂಬ ವಸ್ತು ಪ್ರಯೋಗಾಲಯದಲ್ಲಿ ಪಿ ಪಿಲಿಯ ಹಿಡಿತವನ್ನು ತಡೆಯುತ್ತದೆ. 2023ರ ಸಮಗ್ರ ವಿಮರ್ಶೆಯೊಂದು, ಸೋಂಕು ಮರುಕಳಿಸುವ ಸ್ತ್ರೀಯರಲ್ಲಿ ಮತ್ತು ಮಕ್ಕಳಲ್ಲಿ ಕ್ರಾನ್‌ಬೆರಿಯಿಂದ ಮುಂದಿನ ಸೋಂಕುಗಳು ಕಡಿಮೆಯಾಗುತ್ತವೆ ಎಂದು ಹೇಳಿತು. ಅದು ತಡೆಗಟ್ಟುವ ಮಾತು. ಆಗಿರುವ ಸೋಂಕಿಗೆ ಅದು ಚಿಕಿತ್ಸೆಯಲ್ಲ.

ಲಸಿಕೆಯ ಪ್ರಯತ್ನ ನಮಗೆ ಇನ್ನೂ ಹೆಚ್ಚಿನದನ್ನು ಕಲಿಸಿದೆ. ಫಿಮ್‌ಎಚ್ ವಿರುದ್ಧದ ಲಸಿಕೆ 1997ರಲ್ಲಿ ಇಲಿಗಳನ್ನೂ 2000ದಲ್ಲಿ ಕೋತಿಗಳನ್ನೂ ರಕ್ಷಿಸಿತು, ಆದರೆ ಮನುಷ್ಯರ ಮೇಲಿನ ಆರಂಭಿಕ ಪರೀಕ್ಷೆಗಳಲ್ಲಿ ನಿರೀಕ್ಷಿತ ಫಲ ಕೊಡಲಿಲ್ಲ. 2011ರಲ್ಲಿ ಸೊಕುರೆಂಕೊ ಬಳಗ ತೋರಿಸಿದ ಸಂಗತಿ ಇದರ ಮೇಲೆ ಬೆಳಕು ಚೆಲ್ಲುತ್ತದೆ. ಫಿಮ್‌ಎಚ್‌ನ ಬಿಗಿಹಿಡಿತದ ರೂಪವನ್ನು ತೋರಿಸಿ ಹುಟ್ಟಿಸಿದ ಪ್ರತಿಕಾಯಗಳು ಬ್ಯಾಕ್ಟೀರಿಯಾದ ಹಿಡಿತವನ್ನು ತಡೆಯುವ ಬದಲು, ಫಿಮ್‌ಎಚ್‌ಅನ್ನು ಅದೇ ಬಿಗಿ ರೂಪದಲ್ಲಿ ಉಳಿಸಿ ಹಿಡಿತವನ್ನು ಇನ್ನೂ ಹೆಚ್ಚಿಸಬಲ್ಲವು. ಎಳೆತಕ್ಕೆ ತಕ್ಕಂತೆ ರೂಪ ಬದಲಿಸುವ ಅಣುವಿನ ವಿರುದ್ಧ ಲಸಿಕೆ ಮಾಡುವವರು ಅದರ ಯಾವ ರೂಪವನ್ನು ದೇಹಕ್ಕೆ ಪರಿಚಯಿಸುತ್ತೇವೆ ಎಂಬುದನ್ನು ಮೊದಲು ನಿರ್ಧರಿಸಬೇಕು. ಸಡಿಲ ರೂಪದಲ್ಲೇ ಸ್ಥಿರಗೊಳಿಸಿದ ಫಿಮ್‌ಎಚ್ ಆಧಾರಿತ ಲಸಿಕೆಗಳತ್ತ ಈಗ ಗಮನ ಹರಿದಿದೆ.

ಉಪನ್ಯಾಸದ ಕೊನೆಗೆ ಸಭೆಯಿಂದ ಬಂದ ಒಂದು ಪ್ರಶ್ನೆಯನ್ನು ಇಲ್ಲಿ ಸೇರಿಸುತ್ತೇನೆ, ಏಕೆಂದರೆ ಅದು ವಿಷಯದ ಮರ್ಮಕ್ಕೇ ಕೈಹಾಕಿತ್ತು. ಹರಿವು ಹೆಚ್ಚಿದಷ್ಟೂ ಹಿಡಿತ ಬಿಗಿಯುವುದಾದರೆ, ಹೆಚ್ಚು ನೀರು ಕುಡಿಯಿರಿ ಎಂಬ ಸಲಹೆಗೆ ಅರ್ಥವಿದೆಯೇ? ಅರ್ಥವಿದೆ. 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸೋಂಕು ಮರುಕಳಿಸುತ್ತಿದ್ದ ಮತ್ತು ದಿನಕ್ಕೆ ಒಂದೂವರೆ ಲೀಟರಿಗಿಂತ ಕಡಿಮೆ ದ್ರವ ಸೇವಿಸುತ್ತಿದ್ದ 140 ಸ್ತ್ರೀಯರಲ್ಲಿ ಅರ್ಧದಷ್ಟು ಜನ ಒಂದು ವರ್ಷ ಪ್ರತಿದಿನ ಒಂದೂವರೆ ಲೀಟರ್ ನೀರನ್ನು ಹೆಚ್ಚುವರಿಯಾಗಿ ಕುಡಿದರು. ಅವರಲ್ಲಿ ಸೋಂಕಿನ ಸರಾಸರಿ ವರ್ಷಕ್ಕೆ 1.7 ಆಗಿದ್ದರೆ, ಎಂದಿನಂತೆ ಕುಡಿದವರಲ್ಲಿ 3.2 ಆಗಿತ್ತು. ಇದಕ್ಕೂ ಬಿಗಿಯುವ ಬಂಧಕ್ಕೂ ವಿರೋಧವಿಲ್ಲ ಎಂಬುದು ನನ್ನ ತಿಳಿವಳಿಕೆ. ಬಂಧ ಬಿಗಿಯುವುದು ಈಗಾಗಲೇ ಹಿಡಿದುಕೊಂಡಿರುವ ಬ್ಯಾಕ್ಟೀರಿಯಾದಲ್ಲಿ; ಇನ್ನೂ ಹಿಡಿಯದೆ ಮೂತ್ರದಲ್ಲಿ ತೇಲುತ್ತಿರುವವು ಪ್ರತಿ ವಿಸರ್ಜನೆಯಲ್ಲಿಯೂ ಹೊರಹೋಗುತ್ತವೆ, ಎರಡು ವಿಸರ್ಜನೆಗಳ ನಡುವೆ ಅವುಗಳಿಗೆ ಬೆಳೆಯಲು ಸಿಗುವ ಕಾಲವೂ ಕಡಿಮೆಯಾಗುತ್ತದೆ. ಹೃದಯ ಅಥವಾ ಮೂತ್ರಪಿಂಡದ ಕಾಯಿಲೆಯಿಂದಾಗಿ ವೈದ್ಯರು ನೀರಿಗೆ ಮಿತಿ ಹಾಕಿರುವವರಿಗೆ ಈ ಸಲಹೆ ಅನ್ವಯಿಸುವುದಿಲ್ಲ. ಜ್ವರ, ಚಳಿನಡುಕ, ಪಕ್ಕೆಯ ಹಿಂಭಾಗದ ನೋವು ಕಾಣಿಸಿಕೊಂಡರೆ ಸೋಂಕು ಮೂತ್ರಪಿಂಡಕ್ಕೆ ತಲುಪಿರುವ ಸಾಧ್ಯತೆ ಇರುವುದರಿಂದ, ನೀರು ಕುಡಿಯುತ್ತ ಕಾಯದೆ ಅಂದೇ ವೈದ್ಯರನ್ನು ಕಾಣಬೇಕು.